ಮೋಡ ಹಾಕದೆ ತಿದ್ದಬಾರದು: ಥಿಯೋಡೋರ್ ಸಲ್ಡಾನರ ಬರವಣಿಗೆಯ ಬದುಕು

ಹೊರನಾಡಿನ ಚಿಂತಕರ ಜೀವನಚರಿತ್ರೆಗಳು ಕನ್ನಡದಲ್ಲಿ ಸಾಕಷ್ಟಿವೆ. ನಾವು ಮೆಚ್ಚುವವರ ಚರಿತ್ರೆಯನ್ನು ನಾವು ಬರೆದು, ನಮ್ಮಂತೆಯೇ ಮೆಚ್ಚುವವರು ಓದಿ, ಸಭೆಯಲ್ಲಿ ಶಾಲು ಹೊದೆಸಿ ಮನೆಗೆ ಹೋಗುವುದು ವಾಡಿಕೆ. ಮೆಚ್ಚದವನನ್ನೇ ಎದುರು ಕೂರಿಸಿಕೊಂಡು, ಅವನ ಬಾಯಿಂದಲೇ ಪ್ರತಿಯೊಂದು ಪುಟವನ್ನೂ ಗಟ್ಟಿಯಾಗಿ ಓದಿಸಿ, ಆಮೇಲೆ ಅಚ್ಚಿಗೆ ಕೊಟ್ಟ ಜೀವನಚರಿತ್ರೆಯೊಂದಿದ್ದರೆ ಅದು ಮಾನ್ಯ ಶ್ರೀ ಥಿಯೋಡೋರ್ ಸಲ್ಡಾನರು ಬರೆದ 'ನಫ್ತಾಲಿ ಬೆನ್-ಹೊರೆಶ್: ಬದುಕು ಮತ್ತು ವಿಚಾರ' ಎಂಬ ಆರುನೂರು ಪುಟಗಳ ಗ್ರಂಥ ಎಂದು ನಾನು ಧೈರ್ಯವಾಗಿ ಹೇಳುತ್ತೇನೆ. ನಾನು ಓದಿದ್ದು ಕಡಿಮೆ. ಆದರೆ ಈ ಪುಸ್ತಕ ಹುಟ್ಟಿದ ಮೇಜಿನ ಪಕ್ಕದಲ್ಲೇ ಹನ್ನೊಂದು ವರ್ಷ ಚಹಾ ಕುಡಿದಿದ್ದೇನೆ. ಆದ್ದರಿಂದ ಈ ಅಭಿನಂದನ ಸಂಪುಟದಲ್ಲಿ ವಿದ್ವಾಂಸರ ನಡುವೆ ನನಗೂ ನಾಲ್ಕು ಪುಟ ಜಾಗ ಕೊಟ್ಟ ಸಂಪಾದಕರಿಗೆ ಮೊದಲು ಕೈಮುಗಿದು ಮುಂದುವರಿಯುತ್ತೇನೆ.

ಸಲ್ಡಾನರು ಉಡುಪಿ ಜಿಲ್ಲೆಯ ಶಿರ್ವದವರು. ಎಳೆಯ ವಯಸ್ಸಿನಲ್ಲಿ ಪಾದ್ರಿಯಾಗಬೇಕೆಂದು ಎರಡು ವರ್ಷ ಸೆಮಿನರಿಯಲ್ಲಿ ಓದಿದವರು. ಅಲ್ಲಿ ಒಬ್ಬ ವೃದ್ಧ ಗುರುಗಳು ಕೀರ್ತನೆಗಳನ್ನು ಮೂಲದಲ್ಲೇ ಓದಬೇಕೆಂದು ಹಟಹಿಡಿದು ಇವರಿಗೆ ಹೀಬ್ರೂ ಅಕ್ಷರ ತೀಡಿಸಿದರಂತೆ. ಪಾದ್ರಿತನ ಕೈಬಿಟ್ಟಿತು, ಅಕ್ಷರ ಕೈಬಿಡಲಿಲ್ಲ. ೧೯೯೧ರಲ್ಲಿ ದೋಹಾಕ್ಕೆ ಬಂದು ಒಂದು ಕಟ್ಟಡ ಕಂಪನಿಯಲ್ಲಿ ಡಾಕ್ಯುಮೆಂಟ್ ಕಂಟ್ರೋಲರ್ ಆಗಿ ಸೇರಿದವರು ಮೂವತ್ತನಾಲ್ಕು ವರ್ಷ ಅದೇ ಕುರ್ಚಿಯಲ್ಲಿ ಕೂತು, ಇದೇ ವರ್ಷ ಮಾರ್ಚ್ ತಿಂಗಳಿನಲ್ಲಿ ಎದ್ದರು. ಮೂವತ್ತನಾಲ್ಕು ವರ್ಷ ಈ ಊರಿನಲ್ಲಿದ್ದೂ ಕಾರು ಓಡಿಸಲು ಕಲಿಯದ ಏಕೈಕ ಕನ್ನಡಿಗ ಎಂಬ ಬಿರುದು ಅವರಿಗೆ ಯಾವ ಸಂಘವೂ ಕೊಡದೆ ತಾನಾಗಿಯೇ ಬಂದಿದೆ.

ಡಾಕ್ಯುಮೆಂಟ್ ಕಂಟ್ರೋಲರ್ ಎಂದರೆ ಏನು ಕೆಲಸ ಎಂದು ಊರಿನವರು ಕೇಳುವುದುಂಟು. ಒಂದು ಕಟ್ಟಡಕ್ಕೆ ಸಾವಿರಾರು ನಕ್ಷೆಗಳು. ಪ್ರತಿಯೊಂದು ನಕ್ಷೆಯೂ ನಾಲ್ಕೈದು ಸಲ ಬದಲಾಗುತ್ತದೆ. ಬದಲಾದ ಭಾಗದ ಸುತ್ತ ಶಾಲೆಯ ಮಕ್ಕಳು ಬರೆಯುವ ಮೋಡದಂತೆ ಒಂದು ಡೊಂಕುಗೆರೆ ಎಳೆದು, ಪಕ್ಕದಲ್ಲಿ ಎಷ್ಟನೆಯ ತಿದ್ದುಪಡಿ ಎಂದು ಅಂಕಿ ಹಾಕಬೇಕು. ಅದನ್ನು ನಾವೆಲ್ಲ ಮೋಡ ಎಂದೇ ಕರೆಯುತ್ತಿದ್ದೆವು. ಹಳೆಯ ನಕ್ಷೆಯ ಮೇಲೆ 'ರದ್ದು' ಎಂದು ಕೆಂಪು ಮುದ್ರೆ ಬೀಳುತ್ತದೆ, ಆದರೆ ಅದನ್ನು ಹರಿದೆಸೆಯುವಂತಿಲ್ಲ. ಮೊದಲು ಏನಿತ್ತು, ಯಾವಾಗ ಬದಲಾಯಿತು, ಯಾರು ಬದಲಾಯಿಸಿದರು ಎಂಬುದು ಕಪಾಟಿನಲ್ಲಿ ಉಳಿಯಬೇಕು. ಈ ಮೂರು ಪ್ರಶ್ನೆಗಳಿಗೆ ಉತ್ತರ ಇಟ್ಟುಕೊಳ್ಳುವುದೇ ಸಲ್ಡಾನರ ಉದ್ಯೋಗವಾಗಿತ್ತು.

ಆ ಉದ್ಯೋಗದಿಂದಲೇ ನಾನು ಬದುಕಿದ್ದೇನೆ. ೨೦೧೦ರ ಬೇಸಿಗೆ. ಅಲ್ ರಯ್ಯಾನಿನಲ್ಲಿ ಒಂದು ಗೋದಾಮಿನ ಕೆಲಸ. ಗುಳೇದಗುಡ್ಡದ ಕಡೆಯಿಂದ ಬಂದು ಒಂದು ವರ್ಷವೂ ಆಗದ ನಾನು, ಮುರುಗೆಪ್ಪ, ಆರು ಜನರೊಂದಿಗೆ ಸ್ಕ್ಯಾಫೋಲ್ಡಿಂಗಿನ, ಅಂದರೆ ಗೋಡೆಗೆ ಬಿಗಿದ ಕಬ್ಬಿಣದ ಅಟ್ಟಣಿಗೆಯ, ನಾಲ್ಕನೆಯ ಅಂತಸ್ತಿನ ಮೇಲೆ ನಿಂತಿದ್ದೆ. ಕೆಳಗೆ ಟ್ಯಾಕ್ಸಿಯೊಂದು ಬಂದು ನಿಂತಿತು. ಟೈ ಕಟ್ಟಿದ, ಆಫೀಸಿನ ಬೂಟು ಹಾಕಿದ ಒಬ್ಬರು ಕಂಕುಳಲ್ಲಿ ನಕ್ಷೆಯ ಸುರುಳಿ ಇಟ್ಟುಕೊಂಡು ಮರಳಿನಲ್ಲಿ ಕಾಲು ಹೂತುಕೊಳ್ಳುತ್ತ ಓಡೋಡಿ ಬಂದರು. ಹೊಸ ನಕ್ಷೆ ಸೈಟಿಗೆ ಬಂದೇ ಇಲ್ಲ, ಎರಡನೆಯ ತಿದ್ದುಪಡಿ ಇಟ್ಟುಕೊಂಡು ಕೆಲಸ ಮಾಡುತ್ತಿದ್ದೀರಿ, ಇದು ಮೂರನೆಯದು ಎಂದು ಅವರು ಇಂಗ್ಲಿಷಿನಲ್ಲಿ ಹೇಳಿದ್ದು ಮೇಲಿನವರೆಗೂ ಕೇಳಿಸಿತು.

"ಯಲ್ಲಾ, ಬೇಗ ಬೇಗ, ಇವತ್ತಿನ ಕೆಲಸ ಖಲಾಸ್ ಮಾಡಿ ಆಮೇಲೆ ನೋಡೋಣ," ಎಂದ ಫೋರ್‌ಮನ್.

ಸಲ್ಡಾನರು ಅಲ್ಲೇ ಹಲಗೆಗಳ ರಾಶಿಯ ಮೇಲೆ ಕುಳಿತುಬಿಟ್ಟರು. "ಮೇಲಿನವರು ಕೆಳಗೆ ಬರುವ ತನಕ ನಾನು ಏಳುವುದಿಲ್ಲ. ನನ್ನನ್ನು ಎತ್ತಿಸಬೇಕಾದರೆ ಪೊಲೀಸರನ್ನು ಕರೆಸಿ, ಅವರಿಗೂ ಈ ನಕ್ಷೆ ತೋರಿಸುತ್ತೇನೆ."

ಫೋರ್‌ಮನ್ ಬೈಯುತ್ತಲೇ ನಮ್ಮನ್ನು ಇಳಿಸಿದ. ನಮ್ಮ ಸ್ಕ್ಯಾಫೋಲ್ಡಿಂಗಿನ ಕಟ್ಟುಗಳನ್ನು ಯಾವ ಗೋಡೆಗೆ ಬಿಗಿದಿದ್ದೆವೋ, ಹೊಸ ನಕ್ಷೆಯ ಪ್ರಕಾರ ಆ ಗೋಡೆಯನ್ನು ಇನ್ನೊಂದು ತಂಡ ಒಳಗಿನಿಂದ ಅದೇ ಮಧ್ಯಾಹ್ನ ಒಡೆಯುವುದಿತ್ತು. ಇದನ್ನು ನನಗೆ ತಿಳಿಸಿ ಹೇಳಿದವರು ಅವರೇ, ಕನ್ನಡದಲ್ಲಿ, ನೀರಿನ ಟ್ಯಾಂಕಿನ ನೆರಳಿನಲ್ಲಿ ನಿಂತು. ನಾನು ಅವರ ಕಾಲ ಕಡೆ ನೋಡಿ, "ಸರ, ನಿಮ್ಮ ಬೂಟು ಹಾಳಾತಲ್ರಿ," ಎಂದೆ. ಅವರು ಬೂಟು ನೋಡಿಕೊಂಡು, "ತೆರೆಜಾ ಕೊಲ್ತಾಳೆ ಮಾರಾಯ," ಎಂದರು. ತೆರೆಜಾ ಎಂದರೆ ಅವರ ಶ್ರೀಮತಿ ಎಂದು ಆಮೇಲೆ ತಿಳಿಯಿತು. ಹೀಗೆ ನಮ್ಮ ಪರಿಚಯವಾಯಿತು.

ನಾನು ಏಳನೆಯ ಇಯತ್ತೆ ದಾಟಿದವನಲ್ಲ. ಸಾಮಾನು ಸುತ್ತಿ ಬಂದ ಕನ್ನಡ ಪೇಪರಿನ ತುಂಡನ್ನು ಬಿಡಿಸಿ ಓದುವ ಚಟವೊಂದಿತ್ತು, ಅಷ್ಟೆ. ಅದನ್ನು ಕಂಡ ಸಲ್ಡಾನರು ಒಂದು ದಪ್ಪ ನೋಟುಬುಕ್ಕು ಕೊಟ್ಟು, ನಿನ್ನ ಕೆಲಸದ ಬಗ್ಗೆಯೇ ಬರೆ ಎಂದರು. ಸ್ಕ್ಯಾಫೋಲ್ಡಿಂಗ್ ಕಟ್ಟುವ ರೀತಿಯನ್ನು ಎಂಟು ಪುಟ ಬರೆದುಕೊಟ್ಟೆ. ಹಿಂದಿರುಗಿ ಬಂದಾಗ ನನ್ನ ಒಂದು ಅಕ್ಷರದ ಮೇಲೂ ಕಾಟು ಇರಲಿಲ್ಲ. ಮೂರು ಕಡೆ ಪೆನ್ಸಿಲಿನ ಮೋಡ, ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಅವರ ಸಲಹೆ. "ನಿನ್ನ ಮಾತು ಇದ್ದಲ್ಲೇ ಉಂಟು. ನನ್ನದು ಪಕ್ಕದಲ್ಲಿ ಉಂಟು. ಯಾವುದು ಬೇಕೋ ನೀನೇ ಇಟ್ಟುಕೋ," ಎಂದರು. ಬೇರೆಯವರ ಮಾತನ್ನು ಬೇರೆಯವರದಾಗಿಯೇ ಉಳಿಸುವ ಈ ಸೌಜನ್ಯವನ್ನು ನಾನು ಯಾವ ಶಾಲೆಯಲ್ಲಿಯೂ ಕಂಡಿರಲಿಲ್ಲ. ಇಂದು ನನ್ನ ಹೆಸರಿನಲ್ಲಿ ಎರಡು ಸಣ್ಣ ಪುಸ್ತಕಗಳಿದ್ದರೆ ಆ ಮೂರು ಮೋಡಗಳೇ ಅವುಗಳ ಮೂಲ.

ಇನ್ನು ಮುಖ್ಯ ವಿಷಯಕ್ಕೆ ಬರುತ್ತೇನೆ. ಬೆನ್-ಹೊರೆಶ್ ಎಂಬ ಮನುಷ್ಯ ಸಲ್ಡಾನರಿಗೆ ಸಿಕ್ಕಿದ್ದು ಅವನದೇ ಒಂದು ಹೀಬ್ರೂ ಪುಸ್ತಕದ ಮೂಲಕ, ಮುಂಬಯಿಯ ಒಂದು ಹಳೆ ಪುಸ್ತಕದ ಅಂಗಡಿಯಲ್ಲಿ, ರಜೆಗೆ ಹೋಗುವಾಗ, ೨೦೧೩ರಲ್ಲಿ. ಲಿಥುವೇನಿಯಾದ ಒಂದು ಸಣ್ಣ ಪೇಟೆಯಲ್ಲಿ ಪುಸ್ತಕಕ್ಕೆ ರಟ್ಟು ಕಟ್ಟುವವನ ಮಗ. ಹದಿನೇಳನೆಯ ವಯಸ್ಸಿನಲ್ಲಿ ಒಬ್ಬನೇ ಹೈಫಾ ಬಂದರಿನಲ್ಲಿ ಇಳಿದು, ಅಚ್ಚುಕೂಟದಲ್ಲಿ ಮೊಳೆ ಜೋಡಿಸಿ ಹೊಟ್ಟೆ ಹೊರೆದವನು. ಹಿಂದೆ ಬಿಟ್ಟುಬಂದ ತಂದೆತಾಯಿ, ನಾಲ್ವರು ತಂಗಿಯರು ಮೂರು ವರ್ಷದೊಳಗೆ ಮಹಾಯುದ್ಧದ ನರಮೇಧದಲ್ಲಿ ಕೊಲೆಯಾದರು. ಯಹೂದಿ ಜನಕ್ಕೆ ತಮ್ಮದೇ ನಾಡು, ತಮ್ಮದೇ ಸೈನ್ಯ, ತಮ್ಮದೇ ನುಡಿ ಇರಬೇಕೆಂಬ ಜಿಯೋನಿಸ್ಟ್ ಚಳವಳಿಯ ಬಲಪಂಥಕ್ಕೆ ಸೇರಿ, ಆಮೇಲೆ ಅಲ್ಲಿನ ನಾಯಕರೊಂದಿಗೂ ಜಗಳವಾಡಿ, ಒಂಟಿಯಾಗಿ ಒಂದು ಮಾಸಪತ್ರಿಕೆಯನ್ನು ಇಪ್ಪತ್ತಾರು ವರ್ಷ ನಡೆಸಿದ. ಜನಾಂಗವೆಂದರೆ ಇವತ್ತು ಬದುಕಿರುವವರು ಮಾಡಿಕೊಂಡ ಒಪ್ಪಂದವಲ್ಲ, ಸತ್ತವರು ಕೊಟ್ಟುಹೋದ ಸೊತ್ತು. ಅದನ್ನು ಮಾರುವ ಹಕ್ಕು ಯಾವ ಒಂದು ತಲೆಮಾರಿಗೂ ಇಲ್ಲ ಎಂಬುದು ಅವನ ವಿಚಾರದ ತಿರುಳು. ತಾನು ಪ್ರಾರ್ಥನೆ ಮಾಡದಿದ್ದರೂ ಪ್ರಾರ್ಥನೆಯಿಲ್ಲದ ರಾಜ್ಯ ನೂರು ವರ್ಷ ನಿಲ್ಲುವುದಿಲ್ಲ ಎಂದು ಬರೆದ. ಪಾರ್ಲಿಮೆಂಟಿಗೆ ಆಯ್ಕೆಯಾಗಿ, ಪಕ್ಷ ಹೇಳಿದಂತೆ ಕೈ ಎತ್ತಲಾರೆ ಎಂದು ಹನ್ನೊಂದು ತಿಂಗಳಿಗೇ ಹೊರಬಿದ್ದ. ಸೋವಿಯತ್ ಸೆರೆಮನೆಗಳಲ್ಲಿದ್ದ ತನ್ನ ಜನರ ಬಿಡುಗಡೆಗಾಗಿ ಅರವತ್ತರ ವಯಸ್ಸಿನಲ್ಲಿ ಹತ್ತೊಂಬತ್ತು ದಿನ ಉಪವಾಸ ಕುಳಿತ.

ಶಿರ್ವದ ಕೊಂಕಣಿ ಕ್ರೈಸ್ತರೊಬ್ಬರಿಗೆ ಈ ಮನುಷ್ಯನಲ್ಲಿ ಏನು ಸೆಳೆಯಿತು ಎಂದು ನಾನು ಕೇಳಿದ್ದೇನೆ. "ನಮ್ಮವರೂ ಒಂದು ಕಾಲದಲ್ಲಿ ಸೆರೆಯಾಗಿ ಘಟ್ಟ ಹತ್ತಿಹೋಗಿ, ಉಳಿದವರು ತಿರುಗಿ ಬಂದು, ಇಲ್ಲದ ಮನೆಯನ್ನು ಇದ್ದ ಜಾಗದಲ್ಲಿ ಕಟ್ಟಿದವರು. ಅಜ್ಜಿ ಆ ಕಥೆ ಹೇಳುವಾಗ ದನಿ ಬದಲಾಗುತ್ತಿತ್ತು. ಈ ಪುಸ್ತಕ ಬಿಡಿಸಿದಾಗ ಅದೇ ದನಿ ಕೇಳಿಸಿತು," ಎಂದರು. ಅವನ ವಿಚಾರವನ್ನು ಒಪ್ಪುತ್ತೀರಾ ಎಂದರೆ ಅಡಗಿಸದೆ, "ಅರ್ಧಕ್ಕಿಂತ ಹೆಚ್ಚು," ಎನ್ನುತ್ತಿದ್ದರು.

ದೋಹಾದಲ್ಲಿ ಕುಳಿತು ಇಂಥವನ ಚರಿತ್ರೆ ಬರೆಯುವುದೇ ಎಂದು ಶ್ರೀಮತಿ ತೆರೆಜಾ ಅವರಿಗೆ ಅಂಜಿಕೆಯಿತ್ತು. ಸಲ್ಡಾನರು ಇಲ್ಲಿ ಅದರ ಒಂದು ಹಾಳೆಯನ್ನೂ ಹಂಚಲಿಲ್ಲ, ಒಂದು ಭಾಷಣವನ್ನೂ ಮಾಡಲಿಲ್ಲ. ಅನ್ನ ಕೊಟ್ಟ ನಾಡಿನ ಮರ್ಯಾದೆ ಮೀರಲಿಲ್ಲ. ಅಲ್ ಸದ್ದ್‌ನ ಮೂರನೆಯ ಮಹಡಿಯ ತಮ್ಮ ಫ್ಲ್ಯಾಟಿನಲ್ಲಿ, ಊಟದ ಮೇಜಿನ ಮೇಲೆ, ಕೈಬರಹದಲ್ಲಿ ಬರೆದರು. ಬರೆದದ್ದನ್ನು, ಇಲ್ಲಿ ವಾರದ ರಜೆಯಾದ ಶುಕ್ರವಾರ ಸಂಜೆ ನಾಲ್ಕಕ್ಕೆ ಸೇರುವ ನಾವು ನಾಲ್ಕಾರು ಜನ ಕೇಳುತ್ತಿದ್ದೆವು. ಸಲ್ಡಾನ ದಂಪತಿಗಳು ಬೆಳಿಗ್ಗೆ ಚರ್ಚು ಮುಗಿಸಿ, ಹಸನಬ್ಬ ಅವರು ಮಧ್ಯಾಹ್ನ ಮಸೀದಿ ಮುಗಿಸಿ, ನಾನು ವಾರದ ಬಟ್ಟೆ ಒಗೆದು ಬರುತ್ತಿದ್ದೆವು.

ಹಸನಬ್ಬ ಅವರ ಬಗ್ಗೆ ಹೇಳದೆ ಈ ಲೇಖನ ಮುಂದೆ ಹೋಗದು. ಬಂಟ್ವಾಳದ ಕಡೆಯ ಬ್ಯಾರಿಗಳು. ಅದೇ ಕಂಪನಿಯಲ್ಲಿ ನಕ್ಷೆ ಬರೆಯುವ ಡ್ರಾಫ್ಟ್ಸ್‌ಮನ್. ೧೯೯೪ರಿಂದ ನಾಲ್ಕು ವರ್ಷ ಸಲ್ಡಾನರೊಂದಿಗೆ ಒಂದೇ ಕೋಣೆಯಲ್ಲಿದ್ದವರು. ಇವರು ಗೆರೆ ಎಳೆದದ್ದಕ್ಕೆ ಅವರು ಅಂಕಿ ಹಾಕಬೇಕು. ಮೂವತ್ತು ವರ್ಷದ ಜಗಳ, ಮೂವತ್ತು ವರ್ಷದ ಸ್ನೇಹ. ಮೊದಲ ಅಧ್ಯಾಯ ತಯಾರಾದಾಗ ಸಲ್ಡಾನರು ಹಾಳೆಗಳನ್ನು ತಂದು ಅವರ ಕೈಗೆ ಕೊಟ್ಟರು.

"ನಾನು ಯಾಕೆ ಓದಬೇಕು? ಈ ಜನದ ಹೆಸರು ಕೇಳಿದರೇ ನನಗೆ ಆಗುವುದಿಲ್ಲ," ಎಂದರು ಹಸನಬ್ಬ.

"ಅದಕ್ಕೇ ಕೊಟ್ಟದ್ದು. ಮುರುಗೆಪ್ಪ ಓದಿದರೆ ಎಲ್ಲವೂ ಚಂದ ಕೇಳಿಸ್ತದೆ. ನೀವು ಓದುವಾಗ ಎಲ್ಲಿ ಗಂಟಲಿಗೆ ಸಿಕ್ಕಿಕೊಳ್ತದೋ ಅಲ್ಲಿ ನಾನು ಸರಿಯಾಗಿ ಬರೆಯಲಿಲ್ಲ ಅಂತ ಗೊತ್ತಾಗ್ತದೆ."

"ಸರಿಯಾಗಿ ಬರೆದಿದ್ದರೂ ಸಿಕ್ಕಿಕೊಂಡರೆ?"

"ಆಗ ತೆರೆಜಾ ಚಾ ಕೊಡ್ತಾಳೆ."

ಹೀಗೆ ಒಪ್ಪದವರ ಕಂಠದಲ್ಲಿ ಆ ಗ್ರಂಥ ಓದಿಸಿಕೊಂಡಿತು. ಹಸನಬ್ಬ ಅವರ ಓದು ಕೇಳಬೇಕು. ಮೈಕು ಬೇಡದ ದನಿ. ಬೆನ್-ಹೊರೆಶ್ ಸಿಟ್ಟಾದಲ್ಲಿ ಇವರೂ ಸಿಟ್ಟಾಗುತ್ತಿದ್ದರು. ಪ್ಯಾರಾ ಮುಗಿದ ಕೂಡಲೇ ಕನ್ನಡಕ ತೆಗೆದು, "ಶುದ್ಧ ಸುಳ್ಳು, ಆದರೆ ಎಂತ ಜೋರು ಉಂಟು ನೋಡಿ," ಎನ್ನುತ್ತಿದ್ದರು. ಉಪವಾಸದ ಅಧ್ಯಾಯ ಓದಿದ ದಿನ ಮಾತ್ರ ಹಾಳೆಗಳನ್ನು ಜೋಡಿಸಿಟ್ಟು, "ಇದು ಗಂಡಸಿನ ಕೆಲಸ," ಎಂದರು. ನನ್ನ ಹೆಂಡತಿ ದಾಕ್ಷಾಯಣಿ ಊರಿನಿಂದ ಫೋನು ಮಾಡಿದಾಗ, "ಇವತ್ತ ನಿಮ್ಮ ಹೊರೇಶಪ್ಪ ಯಾರ ಕೂಡ ಜಗಳಾ ಮಾಡಿದ್ನ್ರಿ?" ಎಂದು ಕೇಳುವಷ್ಟು ಅವನು ನಮ್ಮ ಮನೆಯವನಾಗಿದ್ದ.

೨೦೨೩ರ ಅಕ್ಟೋಬರ್ ಬಂತು. ಮೊದಲು ಬೆನ್-ಹೊರೆಶ್ ಕಟ್ಟಬಯಸಿದ ನಾಡಿನಲ್ಲಿ ಒಂದೇ ದಿನ ಕೊಲೆಯಾದವರ ಸುದ್ದಿ, ಆಮೇಲೆ ಗಾಜಾದಲ್ಲಿ ದಿನದಿನವೂ ಸತ್ತವರ ಸುದ್ದಿ. ಹಸನಬ್ಬ ಅವರ ಪಕ್ಕದ ಮೇಜಿನಲ್ಲಿ ಇಪ್ಪತ್ತು ವರ್ಷದಿಂದ ಕೂರುತ್ತಿದ್ದ ಪ್ಯಾಲೆಸ್ತೀನಿ ಇಂಜಿನಿಯರು ಅಬು ಸಮೀರ್. ಅಬು ಸಮೀರರ ಅಕ್ಕನ ಮನೆಯವರು ಗಾಜಾದಲ್ಲಿದ್ದರು. ಡಿಸೆಂಬರಿನ ಒಂದು ಬೆಳಿಗ್ಗೆ ಅಬು ಸಮೀರ್ ಆ ಮನೆಯ ಸುದ್ದಿ ಕೇಳಿ ಫೋನು ಕೆಳಗಿಟ್ಟು, ಹೊರಗೆ ಹೋದರಂತೆ. ಅರ್ಧ ಮಾಡಿದ ನಕ್ಷೆಯನ್ನು ಹಸನಬ್ಬ ಮುಗಿಸಿಕೊಟ್ಟರಂತೆ. ನಮ್ಮ ಶುಕ್ರವಾರದ ಕೂಟಕ್ಕೆ ಒಬ್ಬೊಬ್ಬರೇ ಬರುವುದು ನಿಲ್ಲಿಸಿದರು. ಉಳಿದವರು ನಾವು ಮೂವರೇ, ಮತ್ತು ಚಹಾ ತರುವ ತೆರೆಜಾ ಅಮ್ಮ. ಹಸನಬ್ಬ ಮಾತ್ರ ಒಂದು ವಾರವೂ ತಪ್ಪಿಸಲಿಲ್ಲ. ಯಾಕೆ ಬರುತ್ತೀರಿ ಎಂದು ನಾನು ಕೇಳಿದಾಗ, "ಶುರು ಮಾಡಿದ್ದು ಮುಗಿಸದೆ ಬಿಡುವ ಅಭ್ಯಾಸ ಇಲ್ಲ ಮಾರಾಯ," ಎಂದರು.

ಉಳಿದಿದ್ದು ಒಂದೇ ಅಧ್ಯಾಯ. ೧೯೪೮ರಲ್ಲಿ ಊರು ಬಿಟ್ಟು ಹೋದ, ಬಿಡಿಸಲ್ಪಟ್ಟ ಅರಬ್ ಜನರ ಬಗ್ಗೆ ಬೆನ್-ಹೊರೆಶ್ ಏನು ಬರೆದ ಎಂಬ ಅಧ್ಯಾಯ. ಸಲ್ಡಾನರು ಅದನ್ನು ವರ್ಷಗಟ್ಟಲೆ ಮುಂದೂಡುತ್ತ ಬಂದಿದ್ದರು. ಕೊನೆಗೆ ೨೦೨೫ರ ಜನವರಿಯಲ್ಲಿ ತಂದರು. ಮಾರ್ಚ್ ಕೊನೆಗೆ ನಿವೃತ್ತಿ, ನಿವೃತ್ತಿಯೊಂದಿಗೆ ರೆಸಿಡೆನ್ಸಿ ಪರ್ಮಿಟ್ಟೂ ಮುಗಿಯುತ್ತದೆ, ಟಿಕೆಟ್ಟು ಬುಕ್ಕಾಗಿತ್ತು. ಪುಸ್ತಕ ಮುಗಿಯಬೇಕಾದರೆ ಆಗಲೇ ಮುಗಿಯಬೇಕು.

ಹಸನಬ್ಬ ಎದ್ದು ನಿಂತು ಓದಿದರು. ಮೂರನೆಯ ಪುಟದಲ್ಲಿ, 'ಹೊರಟುಹೋದವರ ವಿಷಯದಲ್ಲಿ ಬಹುಶಃ ನಮ್ಮ ಮನಸ್ಸು ಎಂದಿಗೂ ಸಮಾಧಾನ ಹೊಂದಲಾರದು' ಎಂಬ ವಾಕ್ಯ ಬಂತು. ಬೆನ್-ಹೊರೆಶ್‌ನ ೧೯೪೯ರ ಲೇಖನದ ಮಾತೆಂದು ಉದ್ಧರಣ ಚಿಹ್ನೆಯೊಳಗೆ ಕೊಟ್ಟಿತ್ತು. ಹಸನಬ್ಬ ಓದು ನಿಲ್ಲಿಸಿದರು. ಮತ್ತೊಮ್ಮೆ ಓದಿದರು. ಕನ್ನಡಕ ತೆಗೆದರು.

"ಇದನ್ನು ಯಾರು ಹೇಳಿದ್ದು?"

"ಅವನೇ," ಎಂದರು ಸಲ್ಡಾನರು.

"ಹನ್ನೊಂದು ವರ್ಷದಿಂದ ಈ ಮನುಷ್ಯನನ್ನು ನನ್ನ ಬಾಯಲ್ಲಿ ಓದಿದ್ದೇನೆ. ಇವ ಒಂದು ಸಲವೂ 'ಬಹುಶಃ' ಹೇಳಿದವ ಅಲ್ಲ. ಇದು ನಿಮ್ಮ ಮಾತು."

ಸಲ್ಡಾನರು ಮೇಜಿನ ಬಟ್ಟೆಯ ಅಂಚನ್ನು ಸರಿಪಡಿಸುತ್ತ ಕುಳಿತರು. ಆಮೇಲೆ ಮೆಲ್ಲನೆ ಹೇಳಿದರು: "ನೀವು ಗಟ್ಟಿಯಾಗಿ ಓದಬೇಕಲ್ಲ ಹಸನಬ್ಬ. ಈ ಸಮಯದಲ್ಲಿ. ಆ ಮಾತು ನಿಮ್ಮ ಬಾಯಿಂದ ಬರುವುದು ಬೇಡ ಅಂತ..."

"ಮೋಡ ಎಲ್ಲಿ?"

ಹಸನಬ್ಬ ಹಾಳೆಯನ್ನು ಸಲ್ಡಾನರ ಮುಂದೆ ಹಿಡಿದರು.

"ಮೂವತ್ತು ವರ್ಷ ನನಗೆ ಪಾಠ ಮಾಡಿದ್ದೀರಿ. ಒಂದು ಬಾಗಿಲು ಅರ್ಧ ಇಂಚು ಸರಿಸಿದರೂ ಮೋಡ ಹಾಕು ಹಸನಬ್ಬ, ನಂಬರು ಹಾಕು ಹಸನಬ್ಬ. ಇಲ್ಲಿ ಒಬ್ಬ ಮನುಷ್ಯನ ಮಾತನ್ನೇ ತಿದ್ದಿದ್ದೀರಿ, ಮೋಡ ಇಲ್ಲ. ಆ ಜನ ಮಾಡಿದ್ದೂ ಇದೇ ಅಲ್ಲವಾ? ಅಬು ಸಮೀರನ ಅಜ್ಜನ ಊರು ಹಳೆ ನಕ್ಷೆಯಲ್ಲಿ ಉಂಟು, ಹೊಸದರಲ್ಲಿ ಇಲ್ಲ. ತಿದ್ದಿದ್ದು ಯಾವಾಗ, ಯಾರು? ಮಾಫಿ, ಏನೂ ಇಲ್ಲ. ನೀವು ಅವನ ಕೆಟ್ಟ ಮಾತು ಅಡಗಿಸಿದ್ದು ನನಗಾಗಿ ಅಂತೀರಿ. ನಾನೇನು ಸಣ್ಣ ಮಗುವಾ?"

ಹಾಳೆಗಳನ್ನು ಮೇಜಿನ ಮೇಲಿಟ್ಟು ಚಪ್ಪಲಿ ಹಾಕಿಕೊಂಡರು. ತೆರೆಜಾ ಅಮ್ಮ ತಟ್ಟೆ ಹಿಡಿದು ಬಾಗಿಲವರೆಗೆ ಹೋಗಿ, "ಪತ್ರೊಡೆ ಮಾಡಿದ್ದೇನೆ, ತಿಂದಾದರೂ ಹೋಗಿ ಮಾರಾಯ್ರೆ," ಎಂದರು. "ಇವತ್ತು ಬೇಡ ಬಾಯಮ್ಮ," ಎಂದವರು ಲಿಫ್ಟಿಗೂ ಕಾಯದೆ ಮೆಟ್ಟಿಲಿಳಿದರು.

ಐದು ಶುಕ್ರವಾರ ಅವರು ಬರಲಿಲ್ಲ. ಆಫೀಸಿನಲ್ಲಿ ನಕ್ಷೆಗಳನ್ನು ಪ್ಯೂನಿನ ಕೈಯಲ್ಲಿ ಕಳಿಸುತ್ತಿದ್ದರಂತೆ. ಸಲ್ಡಾನರು ನಾಲ್ಕು ಗಂಟೆಗೆ ಅವರ ಕುರ್ಚಿ ಎಳೆದಿಟ್ಟು, ಆರಕ್ಕೆ ಒಳಗೆ ಸರಿಸುತ್ತಿದ್ದರು. ಹಿರಿಯರನ್ನು ಹೊಗಳಲು ಕರೆದ ಕಡೆ ಅವರ ತಪ್ಪನ್ನು ಬರೆಯುವುದು ಶೋಭೆಯಲ್ಲ ಎಂದು ಕೆಲವರು ನನಗೆ ಹೇಳಿದ್ದಾರೆ. ಆದರೆ ತಪ್ಪಾದ ಮೇಲೆ ಅವರು ಮಾಡಿದ್ದನ್ನು ಹೇಳಬೇಕಾದರೆ ತಪ್ಪನ್ನೂ ಹೇಳಲೇಬೇಕಲ್ಲ.

ಆರನೆಯ ಶುಕ್ರವಾರ ಬೆಳಿಗ್ಗೆ ನನಗೆ ಫೋನು ಬಂತು. "ಮುರುಗೆಪ್ಪ, ನಿನ್ನ ಪಿಕಪ್ ಉಂಟಾ? ಅಲ್ ಥುಮಾಮಾಕ್ಕೆ ಹೋಗಬೇಕು."

"ಹಸನಬ್ಬ ಅವ್ರ ಮನಿಗೇನ್ರಿ? ನಡ್ರಿ ಸರ, ಹೋಗೂಣು. ಫೋನ್ ಮಾಡಿ ಹೇಳೀರೇನು?"

"ಹೇಳಿದರೆ ಮನೆಯಲ್ಲಿ ಇಲ್ಲ ಅಂತಾರೆ."

ದಾರಿಯುದ್ದಕ್ಕೂ ಒಂದು ಪ್ಲಾಸ್ಟಿಕ್ ಫೈಲನ್ನು ಎದೆಗೆ ಒತ್ತಿಕೊಂಡು ಕೂತಿದ್ದರು. ತಲೆಯ ಮೇಲೆ ವಿಮಾನಗಳು ಒಂದರ ಹಿಂದೆ ಒಂದು ಇಳಿಯುತ್ತಿದ್ದವು. ಇನ್ನು ಮೂರು ವಾರಕ್ಕೆ ಅವರೂ ಅಲ್ಲಿಂದಲೇ ಹಾರಬೇಕಿತ್ತು. ಹಸನಬ್ಬ ಬಾಗಿಲು ತೆರೆದು ನಮ್ಮನ್ನು ನೋಡಿದರು. ಒಳಗೆ ಬನ್ನಿ ಎನ್ನಲಿಲ್ಲ, ಬಾಗಿಲನ್ನೂ ಹಾಕಲಿಲ್ಲ. ಸಲ್ಡಾನರು ಹೊಸ್ತಿಲಿನಲ್ಲೇ ನಿಂತು ಫೈಲು ಬಿಚ್ಚಿ ಎರಡು ಹಾಳೆ ಕೊಟ್ಟರು. ಹಳೆಯ ಹಾಳೆಯ ಮೇಲೆ 'ರದ್ದು' ಎಂದು ಕೆಂಪಕ್ಷರ, ಕೆಳಗೆ ಅವರ ಸಹಿ. ಹೊಸ ಹಾಳೆಯಲ್ಲಿ ಬದಲಾದ ವಾಕ್ಯಗಳ ಸುತ್ತ ಕೆಂಪು ಶಾಯಿಯ ಮೋಡ, ಪಕ್ಕದಲ್ಲಿ 'ತಿದ್ದುಪಡಿ ೧', ಅದರ ಕೆಳಗೆ ಕಾರಣ: 'ಮೊದಲಿನ ಪ್ರತಿಯಲ್ಲಿ ಲೇಖಕನು ಮೂಲದ ಮಾತನ್ನು ಸ್ನೇಹಿತನ ಸಲುವಾಗಿ ಮೆತ್ತಗೆ ಮಾಡಿದ್ದು ತಪ್ಪು.'

ಹಸನಬ್ಬ ಕಿಸೆಯಿಂದ ಕನ್ನಡಕ ತೆಗೆದು ಹಾಕಿಕೊಂಡರು. ಬಾಗಿಲಿನಲ್ಲಿ ನಿಂತೇ, ಎಂದಿನ ದೊಡ್ಡ ದನಿಯಲ್ಲಿ ಓದಿದರು:

"'ಹೋದವರು ಹೋದರು. ಅವರ ಹೊಲಗಳ ನೆನಪು ನನ್ನ ನಿದ್ದೆ ಕೆಡಿಸುವುದಿಲ್ಲ. ಒಂದು ನಾಡು ಹುಟ್ಟುವಾಗ ಯಾರದೋ ಬಾಗಿಲು ಮುಚ್ಚುತ್ತದೆ. ಸಾವಿರದ ಒಂಬೈನೂರು ವರ್ಷ ಮುಚ್ಚಿದ್ದು ನಮ್ಮದು. ಇನ್ನು ಮುಂದೆ ಅದು ನಮ್ಮದಾಗದಿರಲಿ ಎಂಬುದಷ್ಟೇ ನನ್ನ ನೀತಿ.'"

ಎದುರಿನ ಫ್ಲ್ಯಾಟಿನವರು ಬಾಗಿಲು ತೆರೆದು ನೋಡಿ ಮುಚ್ಚಿದರು. ಅವರಿಗೆ ಕನ್ನಡ ಬರುತ್ತಿರಲಿಲ್ಲ, ದೇವರ ದಯೆ. ಹಸನಬ್ಬ ಕನ್ನಡಕ ತೆಗೆದರು.

"ಹೂಂ. ಈಗ ಮಾತಾಡಿದ ನೋಡಿ," ಎಂದರು. ಸಲ್ಡಾನರ ಕಡೆ ತಿರುಗಿ, "ಇದಕ್ಕೆ ನೀವು ಏನು ಹೇಳ್ತೀರಿ? ಇದೂ ಆ ಅರ್ಧಕ್ಕಿಂತ ಹೆಚ್ಚಿನದರೊಳಗೆ ಬರ್ತದಾ?"

"ಬರುವುದಿಲ್ಲ," ಎಂದರು ಸಲ್ಡಾನರು. "ಮುಂದಿನ ಪುಟದಲ್ಲಿ ಅದನ್ನು ಬರೆದಿದ್ದೇನೆ. ಇಲ್ಲಿ ಅವನನ್ನು ಬಿಟ್ಟು ನಿಲ್ಲುತ್ತೇನೆ ಅಂತ."

"ಅಷ್ಟು ಸಾಲದು. ಉತ್ತರ ನಾನು ಬರೆಯಬೇಕು. ಎಷ್ಟು ಪುಟ ಕೊಡ್ತೀರಿ?"

"ಎಷ್ಟು ಬೇಕೋ ಅಷ್ಟು."

"ನೀವು ತಿದ್ದುವುದಿಲ್ಲ ತಾನೆ?"

"ತಿದ್ದಿದರೆ ಮೋಡ ಹಾಕ್ತೇನೆ."

ಹಸನಬ್ಬ ನನ್ನ ಕಡೆ ತಿರುಗಿ, "ಏನು ಮುರುಗೆಪ್ಪ, ಹೊರಗೆ ನಿಂತು ಬಾಗಿಲು ಕಾಯ್ತಿಯಾ? ಬಾ ಒಳಗೆ. ಇವರನ್ನೂ ಕರಕೊಂಡು ಬಾ," ಎಂದರು.

ಮಾರ್ಚ್ ಕೊನೆಯ ಶುಕ್ರವಾರ ಅಲ್ ಸದ್ದ್‌ನ ಫ್ಲ್ಯಾಟು ಅರ್ಧ ಖಾಲಿಯಾಗಿತ್ತು. ಊಟದ ಮೇಜು ಮಾರಿಹೋಗಿತ್ತು. ನಾವು ಕಾರ್ಗೋ ಪೆಟ್ಟಿಗೆಗಳ ಮೇಲೆ ಕುಳಿತೆವು. ಹಸನಬ್ಬ ಹತ್ತೊಂಬತ್ತು ಪುಟ ತಂದಿದ್ದರು. ಈ ಸಲ ಓದಬೇಕಾದವರು ಸಲ್ಡಾನರು, ನಿಯಮವೆಂದರೆ ನಿಯಮ. ಊರು ಕಳೆದುಕೊಂಡವರ ಕಥೆಯನ್ನು, ಅಬು ಸಮೀರ್ ಕೆಳಗಿಟ್ಟ ಫೋನಿನ ಕಥೆಯನ್ನು, ಸಾವಿರದ ಒಂಬೈನೂರು ವರ್ಷ ಬಾಗಿಲ ಹೊರಗೆ ನಿಂತವನಿಗೆ ಹೊರಗೆ ನಿಂತವರ ದುಃಖ ಎಲ್ಲರಿಗಿಂತ ಮೊದಲು ತಿಳಿಯಬೇಕಿತ್ತು ಎಂಬ ವಾದವನ್ನು ಸಲ್ಡಾನರು ತಮ್ಮ ಸಣ್ಣ ದನಿಯಲ್ಲಿ, ಎರಡು ಕಡೆ ನೀರು ಕುಡಿದು ಓದಿದರು. ಒಂದು ಕಡೆ ಗಂಟಲಿಗೆ ಸಿಕ್ಕಿಕೊಂಡಿತು; ಅದು ಸರಿಯಾಗಿ ಬರೆಯದ್ದರಿಂದ ಅಲ್ಲ. ಕೊನೆಯ ಪುಟಕ್ಕೆ ಬಂದು ನಿಂತರು.

"'ಈ ಗ್ರಂಥವನ್ನು ಬರೆದ ನನ್ನ ಸ್ನೇಹಿತರ ಉದ್ದೇಶ ಒಳ್ಳೆಯದೆಂದು ನಾನು ಬಲ್ಲೆ'," ಎಂದು ಓದಿ, ಹಾಳೆಯಿಂದ ಮುಖ ತೆಗೆದರು. "ಹಸನಬ್ಬ, ಇದು ನಿಮ್ಮ ಮಾತಲ್ಲ."

"ನನ್ನದೇ."

"ಮೂವತ್ತು ವರ್ಷದಲ್ಲಿ ಒಂದು ದಿನವೂ ನೀವು ನನಗೆ 'ಉದ್ದೇಶ ಒಳ್ಳೆಯದು' ಅಂತ ಹೇಳಿದ್ದಿಲ್ಲ. ನಾಡಿದ್ದು ಹೋಗುವವ ಅಂತ ಮೆತ್ತಗೆ ಮಾಡಿದ್ದೀರಿ. ನಾನೇನು ಸಣ್ಣ ಮಗುವಾ?"

ತೆರೆಜಾ ಅಮ್ಮನಿಗೆ ನಗು ತಡೆಯಲಾಗಲಿಲ್ಲ. ಹಸನಬ್ಬ ಗೊಣಗುತ್ತ ಕೈಚಾಚಿ, "ಕೊಡಿ ಇಲ್ಲಿ ಆ ಕೆಂಪು ಪೆನ್ನು," ಎಂದರು. ಪೆಟ್ಟಿಗೆಯ ಮೇಲೆ ಹಾಳೆಯನ್ನಿಟ್ಟು, ನಕ್ಷೆ ಬರೆಯುವವರ ಕೈಯಿಂದ ಒಂದು ಚೊಕ್ಕವಾದ ಮೋಡ ಎಳೆದು, ಪಕ್ಕದಲ್ಲಿ ಅಂಕಿ ಹಾಕಿ, ಬರೆದುಕೊಟ್ಟರು. ಸಲ್ಡಾನರು ಎದ್ದು ನಿಂತು ಓದಿದರು:

"'ಈ ಪುಸ್ತಕ ನನಗೆ ನೋವು ಕೊಟ್ಟಿದೆ. ಇದನ್ನು ಬರೆದವರು ನನ್ನ ಸ್ನೇಹಿತರು. ಎರಡನ್ನೂ ತಿದ್ದಲು ನನ್ನಿಂದ ಆಗುವುದಿಲ್ಲ.'"

ಮೋಡಗಳ ಸಹಿತವೇ ಆ ಎರಡೂ ಪುಟಗಳನ್ನು ಅಚ್ಚು ಮಾಡಿದ ಮಂಗಳೂರಿನ ಮುದ್ರಕರು, ಇದು ಪ್ರೂಫಿನ ಗುರುತು, ತೆಗೆಯಬೇಕೇ ಎಂದು ಮೂರು ಸಲ ಫೋನು ಮಾಡಿ ಕೇಳಿದರಂತೆ. ತೆಗೆಯಬಾರದು ಎಂದು ಮೂರು ಸಲವೂ ಹೇಳಿದವರು ಸಲ್ಡಾನರು. ಪುಸ್ತಕವನ್ನು ಕೊಂಡವರು ನೋಡಬಹುದು: ಐನೂರ ಎಪ್ಪತ್ತೊಂದನೆಯ ಪುಟದಲ್ಲಿ ಒಂದು, ಕೊನೆಯ ಪುಟದಲ್ಲಿ ಒಂದು.

ಈಗ ಸಲ್ಡಾನರು ಶಿರ್ವದಲ್ಲಿದ್ದಾರೆ. ಹಸನಬ್ಬ ಅವರಿಗೆ ಇನ್ನೂ ಎರಡು ವರ್ಷದ ಸೇವೆಯಿದೆ. ಅಬು ಸಮೀರರ ಅಜ್ಜನ ಊರಿನ ಚರಿತ್ರೆಯನ್ನು ಅವರ ಬಾಯಿಂದಲೇ ಕೇಳಿ ಹಸನಬ್ಬ ಕನ್ನಡದಲ್ಲಿ ಬರೆಯುತ್ತಿದ್ದಾರೆ. ಶುಕ್ರವಾರ ನಾಲ್ಕಕ್ಕೆ, ಊರಿನ ಲೆಕ್ಕದಲ್ಲಿ ಆರೂವರೆಗೆ, ಅದರ ಹಾಳೆಗಳು ಫೋನಿನಲ್ಲಿ ಶಿರ್ವಕ್ಕೆ ಹೋಗುತ್ತವೆ, ಸಲ್ಡಾನರು ಅಲ್ಲಿಂದ ಗಟ್ಟಿಯಾಗಿ ಓದುತ್ತಾರೆ, ನಾನು ಇಲ್ಲಿ ಹಸನಬ್ಬ ಅವರ ಮನೆಯಲ್ಲಿ ಕೂತು ಕೇಳುತ್ತೇನೆ. ಹೋದ ವಾರ ಒಂದು ವಾಕ್ಯಕ್ಕೆ ಇಬ್ಬರೂ ಮುಕ್ಕಾಲು ಗಂಟೆ ಜಗಳವಾಡಿದರು. ಈ ಲೇಖನವನ್ನೂ ನಾನು ಮೊದಲು ಸಲ್ಡಾನರಿಗೇ ಕಳಿಸಿದ್ದೆ. ತಮ್ಮ ತಪ್ಪಿನ ಭಾಗವನ್ನು ತೆಗೆಯುತ್ತಾರೇನೋ ಎಂದುಕೊಂಡಿದ್ದೆ. ಹಿಂದಿರುಗಿ ಬಂದಾಗ ಒಂದೇ ಒಂದು ಮೋಡವಿತ್ತು, 'ದಣಿವರಿಯದ ಮಹಾನ್ ಸಾಧಕರು' ಎಂದು ನಾನು ಬರೆದಿದ್ದ ಕಡೆ. ಪಕ್ಕದಲ್ಲಿ ಪೆನ್ಸಿಲಿನಲ್ಲಿ, 'ಮಧ್ಯಾಹ್ನ ಮಲಗುತ್ತೇನೆ' ಎಂದಿತ್ತು. ನನ್ನ ಮಾತನ್ನು ತೆಗೆದು ಅವರದನ್ನು ಇಟ್ಟುಕೊಂಡಿದ್ದೇನೆ.

ಮಧ್ಯಾಹ್ನದ ಆ ನಿದ್ದೆ ಅವರಿಗೆ ಇನ್ನೂ ಬಹುಕಾಲ ಸುಖವಾಗಿ ಬರಲಿ. ತೆರೆಜಾ ಅಮ್ಮನ ಕೈಯ ಚಹಾಕ್ಕೆ ಎದ್ದು ಕೂರುವ ಆರೋಗ್ಯ ಇಬ್ಬರಿಗೂ ಇರಲಿ. ಕೆಂಪು ಪೆನ್ನಿನ ಶಾಯಿ ಆರದಿರಲಿ. ಆರೂವರೆಗೆ ಸರಿಯಾಗಿ ಫೋನು ಎತ್ತಲಿ, ಯಾಕೆಂದರೆ ಒಂದು ನಿಮಿಷ ತಡವಾದರೂ ಇಲ್ಲಿ ಹಸನಬ್ಬ ಕುರ್ಚಿ ಬಿಟ್ಟೆದ್ದು ಕಿಟಕಿಯ ಹತ್ತಿರ ಹೋಗಿ ನಿಲ್ಲುತ್ತಾರೆ, ನಾನು ಎಷ್ಟು ಹೇಳಿದರೂ ಕೂರುವುದಿಲ್ಲ.